ತಿಪ್ಪವ್ವನ ಕಾಲಿನ ನರ

ಕೂಸಿನ ತಲೆಯ ಮೇಲಿನ ಎರಡು ರಕ್ತನಾಳಗಳೂ ಸೂಜಿ ತಾಗುತ್ತಲೇ ಒಡೆದುಹೋದವು. ಕಿವಿಯ ಮೇಲ್ಗಡೆ, ತೆಳುವಾದ ಚರ್ಮದ ಕೆಳಗೆ ನೀಲಿ ಎಳೆಯಂತೆ ಕಂಡದ್ದರ ಮೇಲೆ ನನಗೆ ಬಹಳ ಆಸೆಯಿತ್ತು. ಸೂಜಿ ಒಳಗೆ ಹೋಯಿತು, ಹಿಂದಕ್ಕೆ ಒಂದು ಹನಿ ರಕ್ತವೂ ಬಂತು. ಸಿರಿಂಜನ್ನು ಮೆಲ್ಲಗೆ ಒತ್ತಿದರೆ ಅಲ್ಲೇ ಹುಣಸೆಬೀಜದಷ್ಟು ಗುಬಟೆ ಎದ್ದಿತು. ನೀರು ನಾಳದೊಳಗೆ ಹೋಗದೆ ಚರ್ಮದ ಕೆಳಗೆ ನಿಂತುಬಿಟ್ಟಿತ್ತು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ಕೂಸು ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ಶಿಗ್ಗಾವಿಯಲ್ಲಿ ಒಬ್ಬ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದ ಪುಟ್ಟ ದವಾಖಾನೆಯ ಡಾಕ್ಟರು ದಂಡಿನ ಕೆಲಸಕ್ಕೆ ಹೋಗಿದ್ದರು. ಅವರ ಜಾಗದಲ್ಲಿ ನಾನಿದ್ದೆ, ಊರವರ ಬಾಯಲ್ಲಿ ಡಾಕ್ಟರ್ ಬಾಯಾರು. ನನ್ನ ಜೊತೆಗಿದ್ದವರು ಒಬ್ಬರೇ ಕಂಪೌಂಡರರು. ಕರಿ ಟೊಪ್ಪಿಗೆ, ಗುಂಡಿ ಕಿತ್ತ ಕೋಟು, ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ಹೆಣ್ಣುಮಗಳ ಕೈಕೆಳಗೆ ಕೆಲಸ ಮಾಡಬೇಕಾಗಿ ಬಂದದ್ದು ಅವರಿಗೆ ಮೊದಮೊದಲು ಕಸಿವಿಸಿಯಾಗಿತ್ತು. ಆದರೆ ಕೆಲಸದಲ್ಲಿ ಕಳ್ಳತನ ಮಾಡಿದವರಲ್ಲ.

ಕೂಸನ್ನು ಚಕ್ಕಡಿಯಲ್ಲಿ ತಂದವನು ಅದರ ಸೋದರಮಾವ, ಹುಲಗೂರಿನ ರೈತ. ಅವನ ತಂಗಿಯನ್ನು ಹಂಸಭಾವಿಯ ಕಡೆ ಕೊಟ್ಟಿದ್ದರು. ಗಂಡ ಹುಬ್ಬಳ್ಳಿಯ ಗಿರಣಿಯಲ್ಲಿ ದುಡಿಯುತ್ತಿದ್ದ. ಅವಳಿಗೆ ಮೊದಲು ಹುಟ್ಟಿದ ಎರಡು ಕೂಸುಗಳೂ ಉಳಿದಿರಲಿಲ್ಲ. ಅದಕ್ಕೇ ಮೂರನೆಯದು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪವ್ವ ಎಂದು ಹೆಸರಿಟ್ಟಿದ್ದರು. ಸಾವು ಕೂಡ ಕಸವೆಂದು ತಿಳಿದು ಬಿಟ್ಟುಹೋಗಲಿ ಎಂದು. ಆಮೇಲೆ ತಾಯಿಗೆ ಚಳಿಜ್ವರ ಬಂದು ಎದೆಹಾಲು ಬತ್ತಿತು. ಅವಳು ತವರಿಗೆ ಬಂದಳು. ಕೂಸಿಗೆ ತಿಳಿಯಾದ ಜೋಳದ ಅಂಬಲಿಯೇ ಆಹಾರವಾಯಿತು. ಆ ವರ್ಷ ಜೋಳವೂ ಪಡಿತರದ ಅಂಗಡಿಯ ಮುಂದೆ ಸಾಲು ನಿಂತವರಿಗಷ್ಟೇ ಸಿಗುತ್ತಿತ್ತು. ಬೇಸಿಗೆಯ ಕೊನೆಗೆ ವಾಂತಿಭೇದಿ ಹಿಡಿಯಿತು.

ಟೇಬಲಿನ ಮೇಲಿದ್ದ ಕೂಸಿಗೆ ಎಂಟು ತಿಂಗಳೆಂದರು. ಎರಡು ತಿಂಗಳ ಕೂಸಿನಷ್ಟೂ ತೂಕವಿರಲಿಲ್ಲ. ಕುಂಡಿಯ ಚರ್ಮ ಮುದುಕರ ಚರ್ಮದಂತೆ ಮಡಿಕೆ ಮಡಿಕೆಯಾಗಿ ಜೋತಿತ್ತು. ನೆತ್ತಿಯ ಸುಳಿ ಒಳಕ್ಕೆ ಕುಸಿದಿತ್ತು. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು. ಅರೆತೆರೆದ ಕಣ್ಣಿನಲ್ಲಿ ನೀರಿನ ಪಸೆಯಿಲ್ಲ. ಬಾಯಿಗೆ ಹಾಕಿದ ಚಮಚೆ ನೀರು ತುಟಿಯ ಕೊನೆಯಿಂದ ಹೊರಗೆ ಬಂತು.

"ನರ ಸಿಗವಲ್ದೇನ್ರೀ ಬಾಯಾರ?" ಎಂದರು ಕಂಪೌಂಡರರು.

"ತಲ್ಯಾಗ ಸಿಗೂದಿಲ್ಲ. ಕಾಲು ಕೊಯ್ದು ನೋಡಬೇಕು."

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಬಹುದಿತ್ತು. ಆದರೆ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದ ಮೋಟಾರು ಬೆಳಿಗ್ಗೆಯೇ ಹೋಗಿಬಿಟ್ಟಿತ್ತು. ಇನ್ನೊಂದು ಬರುವ ತನಕ ಈ ಕೂಸು ಇರುತ್ತದೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಕೊಯ್ಯುವುದೆಂದ ಕೂಡಲೇ ಮಾವ ಬಾಗಿಲಿನಿಂದ ಒಳಗೆ ಬಂದ. "ಕಾಲು ಕೊಯ್ತೀರೇನ್ರೀ? ಭೇದಿ ಹೊಟ್ಟಿಗಿ ಹತ್ತೈತಿ, ಕಾಲಿಗೇನಾಗೇತ್ರೀ? ಸಾಯೂದಿದ್ರ ಅಂಗಾಂಗ ನೆಟ್ಟಗಿದ್ದು ಸಾಯಲಿ, ಬಾಯಾರ."

"ಕಾಲು ಕಡಿಯೂದಿಲ್ಲಪಾ. ಪಾದದ ಮ್ಯಾಲ, ಹರಡಿನ ಕೀಲಿನ ಹತ್ರ ಒಂದು ಸಣ್ಣ ಗೀರು. ಅಲ್ಲೊಂದು ನರ ಐತಿ, ಅದು ಎಲ್ಲಾರಿಗೂ ಒಂದ ಜಾಗಾದಾಗ ಇರತೈತಿ. ಅದರಾಗ ನಳಗಿ ಇಟ್ಟು ಉಪ್ಪಿನ ನೀರು ಬಿಡತೇನಿ. ಮೈಯಾಗಿನ ನೀರೆಲ್ಲಾ ಹೋಗೇತಿ, ಅದನ್ನ ತುಂಬಬೇಕು."

ಅವನು ತಂಗಿಯ ಮುಖ ನೋಡಿದ. ಅವಳು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ತಲೆ ಒಮ್ಮೆ ಹೌದೆಂಬಂತೆ ಅಲುಗಿತು, ಅಷ್ಟೇ.

ಈ ಕೆಲಸವನ್ನು ನಾನು ಓದುವ ಕಾಲಕ್ಕೆ ದೊಡ್ಡವರ ಕಾಲಿನ ಮೇಲೆ ಮಾಡಿದ್ದೆ. ಕೂಸಿನ ಮೇಲೆ ಮಾಡುವುದನ್ನು ಕಂಡಿದ್ದೆ, ಕೈಯಾರೆ ಮಾಡಿರಲಿಲ್ಲ. ಕಂಪೌಂಡರರು ಕ್ವಿನೈನಿನ ಪೆಟ್ಟಿಗೆಯ ಹಲಗೆಯೊಂದನ್ನು ಕಾಲಿನ ಅಳತೆಗೆ ಕತ್ತರಿಸಿ, ಹತ್ತಿ ಸುತ್ತಿ ತಂದರು. ಕಾಲನ್ನು ಅದಕ್ಕೆ ಕಟ್ಟಿದೆವು. ಅಯೋಡಿನ್ ಹಚ್ಚಿ, ಮರಗಟ್ಟಿಸುವ ಮದ್ದನ್ನು ಒಂದೆರಡು ಹನಿ ಚುಚ್ಚಿ, ಹರಡಿನ ಮೂಳೆಯ ಮುಂದೆ ಅಡ್ಡಲಾಗಿ ಗೀರಿದೆ. ರಕ್ತವೇ ಬರಲಿಲ್ಲ. ಕೊಬ್ಬಿಲ್ಲದ ಕಾಲು, ಚರ್ಮದ ಕೆಳಗೆ ನೇರವಾಗಿ ಬಿಳಿಯ ಪೊರೆ. ಅದನ್ನು ಮೊಂಡ ಇಕ್ಕುಳದಿಂದ ಬಿಡಿಸುತ್ತ ಹೋದಾಗ ನಾಳ ಸಿಕ್ಕಿತು. ಹೊಲಿಗೆಯ ದಾರಕ್ಕಿಂತ ಒಂದಿಷ್ಟು ದಪ್ಪ, ಒಳಗೆ ಏನೂ ಇಲ್ಲದೆ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ಅದರ ಕೆಳಗೆ ಎರಡು ರೇಷ್ಮೆ ದಾರ ತೂರಿಸಿದೆ. ಪಾದದ ಕಡೆಯದನ್ನು ಬಿಗಿದು ಕಟ್ಟಿದೆ. ಮೇಲಿನದನ್ನು ಸಡಿಲು ಬಿಟ್ಟೆ. ನಡುವೆ ಕತ್ತರಿಯ ತುದಿಯಿಂದ ಒಂದು ಕಚ್ಚು. ಇಲ್ಲಿ ಕೈ ನಡುಗಿದರೆ ನಾಳ ಎರಡು ತುಂಡಾಗುತ್ತದೆ, ಮೇಲಿನ ತುಂಡು ಮಾಂಸದೊಳಗೆ ಸರಿದು ಮಾಯವಾಗುತ್ತದೆ. ಮೊದಲ ಸಲ ಬೆಳ್ಳಿಯ ನಳಿಗೆ ನಾಳದ ಗೋಡೆಯ ಎರಡು ಪದರಗಳ ನಡುವೆ ಜಾರಿತು. ತೆಗೆದೆ. ಎರಡನೆಯ ಸಲವೂ ಹಾಗೆಯೇ. ಕಂಪೌಂಡರರು ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ಮೂರನೆಯ ಸಲ ಕಚ್ಚಿನ ತುಟಿಯನ್ನು ಸೂಜಿಯ ಮೊನೆಯಿಂದ ಎತ್ತಿ ಹಿಡಿದು ನೂಕಿದೆ. ನಳಿಗೆ ಅಡ್ಡಿಯಿಲ್ಲದೆ ಒಳಗೆ ಹೋಯಿತು. ಮೇಲಿನ ದಾರ ಬಿಗಿದೆ.

ಕಿಟಕಿಯ ಸರಳಿಗೆ ಗಾಜಿನ ಬಾಟಲಿ ಜೋತುಹಾಕಿದ್ದೆವು. ಅದರಿಂದ ಕೆಂಪು ರಬ್ಬರಿನ ನಳಿಕೆ, ನಡುವೆ ಹನಿ ಕಾಣುವ ಗಾಜಿನ ಬುರುಡೆ, ಅದರ ಕೆಳಗೆ ಹಿಡಿತದ ತಿರುಪು. ನಳಿಕೆಯೊಳಗಿನ ಗಾಳಿಯ ಗುಳ್ಳೆಯನ್ನೆಲ್ಲ ಹೊರಗೆ ಬಿಟ್ಟು ಜೋಡಿಸಿ, ತಿರುಪು ಸಡಿಲಿಸಿದೆ. ಬುರುಡೆಯಲ್ಲಿ ಹನಿ ಬಿತ್ತು. ಮತ್ತೊಂದು ಬಿತ್ತು. ಕಾಲು ಊದಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೂಸು ಕಣ್ಣು ತಿರುಗಿಸಿತು. ನೆತ್ತಿಯ ಸುಳಿ ತುಸು ಮೇಲೆದ್ದಿತು. ಆಮೇಲೆ ಹಾಸಿದ್ದ ಬಟ್ಟೆ ಒದ್ದೆಯಾಯಿತು. ಮೂತ್ರ ಬಂತೆಂದು ನಾನು ಅಷ್ಟೊಂದು ಸಂತೋಷಪಟ್ಟದ್ದು ಮಾವನಿಗೆ ವಿಚಿತ್ರವಾಗಿ ಕಂಡಿರಬೇಕು. ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಾಗ ಅವನು ಕಿಟಕಿಯ ಹತ್ತಿರ ಹೋಗಿ ಆ ಬಾಟಲಿಗೆ ಎರಡೂ ಕೈ ಜೋಡಿಸಿದ.

ಆ ಸಂತೋಷ ಸ್ವಲ್ಪ ಹೊತ್ತಿನದು. ಎರಡನೆಯ ಬಾಟಲಿ ಹಚ್ಚಿ ನಾನು ಹೊರಗಿನ ರೋಗಿಗಳನ್ನು ನೋಡುತ್ತಿದ್ದಾಗ ಕಂಪೌಂಡರರು ಕೂಗಿದರು. ಓಡಿ ಬಂದರೆ ಕೂಸು ಹಲಗೆಯ ಸಮೇತ ಗಡಗಡ ನಡುಗುತ್ತಿತ್ತು. ತುಟಿ ನೀಲಿ, ಕೈಬೆರಳು ತಣ್ಣಗೆ, ಎದೆಬಡಿತ ಎಣಿಸಲಾಗದಷ್ಟು ಜೋರು. ತಿರುಪು ಬಿಗಿದು ಹನಿ ನಿಲ್ಲಿಸಿದೆ. ಕೌದಿ ಸುತ್ತಿ, ಬಿಸಿನೀರಿನ ಸೀಸೆಗಳನ್ನು ಎರಡೂ ಮಗ್ಗುಲಿಗಿಟ್ಟೆವು. ನಡುಕ ನಿಂತಿತು. ಅದರ ಬೆನ್ನಿಗೇ ಮೈ ಕೆಂಡದಂತೆ ಕಾದಿತು.

"ಚಳಿಜ್ವರ ಅನ್ರಿ. ತಾಯಿಗೂ ಇತ್ತಲ್ರೀ," ಎಂದರು ಕಂಪೌಂಡರರು.

"ಅಲ್ಲ. ಈ ಬಾಟ್ಲಿ ನೀರು ಯಾವಾಗಿಂದು?"

"ಭಟ್ಟಿ ಇಳಿಸಿದ್ದು ಮನ್ನೆ. ಕುದಿಸೇನಲ್ರೀ ಮತ್ತ."

ಅವರು ಹೇಳಿದ್ದು ನಿಜವೇ. ಆವಿ ಹಿಡಿದು ಇಳಿಸಿದ ನೀರನ್ನು ಮತ್ತೆ ಕುದಿಸಿಯೇ ಉಪ್ಪು ಕೂಡಿಸಿದ್ದರು. ಆದರೆ ಕುದಿಸಿದರೆ ಕ್ರಿಮಿ ಸಾಯುತ್ತವೆ, ನಿಂತ ನೀರಿನಲ್ಲಿ ಅವು ಬಿಟ್ಟುಹೋದ ಕಲ್ಮಷ ಸಾಯುವುದಿಲ್ಲ. ಗಟ್ಟಿ ಮೈಯವರು ಒಮ್ಮೆ ನಡುಗಿ ಏಳುತ್ತಾರೆ. ಮೈಯಲ್ಲಿ ಏನೂ ಉಳಿಯದ ಕೂಸಿಗೆ ಆ ಒಂದು ನಡುಕವೇ ಸಾಕು. ಇದನ್ನು ಹೇಳಿದೆ. ಅವರು ಭಟ್ಟಿಯ ಒಲೆಗೆ ಕಟ್ಟಿಗೆ ಇಟ್ಟರು. ರಬ್ಬರಿನ ನಳಿಕೆಯನ್ನು ಸೋಡಾ ಹಾಕಿ ಕುದಿಸಿ, ಹೊಸ ನೀರಿನಿಂದ ಮತ್ತೆ ಮತ್ತೆ ತೊಳೆದೆವು. ಹೊಸ ನಳಿಕೆ ಯುದ್ಧದ ಕಾಲದಲ್ಲಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಅಷ್ಟು ಹೊತ್ತು ಕಾಲೊಳಗಿನ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಬೇಕಿತ್ತು. ಸ್ವಲ್ಪ ಸ್ವಲ್ಪ ಹೊತ್ತಿಗೆ ಸಿರಿಂಜಿನಿಂದ ಒಂದಿಷ್ಟು ತಾಜಾ ಉಪ್ಪುನೀರು ಬಿಡುತ್ತ ಕೂತೆ. ಜೋರಾಗಿ ಒತ್ತಿದರೆ ಹೆಪ್ಪು ಒಳಕ್ಕೆ ಹೋಗಿ ಗುಂಡಿಗೆಯನ್ನು ಸೇರಬಹುದು. ಒತ್ತದಿದ್ದರೆ ದಾರಿ ಮುಚ್ಚುತ್ತದೆ. ಸಂಜೆಗೆ ಹೊಸ ನೀರಿನ ಬಾಟಲಿ ಏರಿತು. ಆ ರಾತ್ರಿ ನಾನೂ ಕಂಪೌಂಡರರೂ ಸರದಿಯ ಮೇಲೆ ಹನಿ ಕಾಯ್ದೆವು. ಮತ್ತೆ ನಡುಕ ಬರಲಿಲ್ಲ.

ಮರುದಿನ ಬೆಳಕಿನಲ್ಲಿ ಕಟ್ಟು ಬಿಚ್ಚಿ ನೋಡಿದೆ. ಗೀರಿನ ಸುತ್ತ ಚರ್ಮ ಹಿಗ್ಗಿ ಬೆಳ್ಳಗೆ ಹೊಳೆಯುತ್ತಿತ್ತು. ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಹರಡಿನಿಂದ ಮೊಣಕಾಲಿನ ಕಡೆಗೆ ಕುಂಕುಮದ ಗೆರೆ ಎಳೆದಂತೆ ಕೆಂಪು ಪಟ್ಟೆ. ಮುಟ್ಟಿದರೆ ಬಿಸಿ, ಕೂಸು ಮುಖ ಕಿವುಚಿತು. ಬುರುಡೆಯಲ್ಲಿ ಹನಿ ನಿಧಾನವಾಗಿತ್ತು. ನಾಳ ಉರಿದೆದ್ದಿತ್ತು. ನೀರು ಪಕ್ಕಕ್ಕೆ ಸೋರುತ್ತಲೂ ಇತ್ತು.

ಪಾಠ ಹೇಳಿಕೊಟ್ಟವರ ಪ್ರಕಾರ ಮುಂದಿನ ಕೆಲಸ ಸರಳ. ಈ ಕಾಲಿನದನ್ನು ತೆಗೆದು ಇನ್ನೊಂದು ಕಾಲು ಕೊಯ್ಯುವುದು. ಭೇದಿ ಇನ್ನೂ ನಿಂತಿರಲಿಲ್ಲ. ಕಂಪೌಂಡರರು ಹೇಳಿಸಿಕೊಳ್ಳದೆ ಇನ್ನೊಂದು ಹಲಗೆಗೆ ಹತ್ತಿ ಸುತ್ತತೊಡಗಿದ್ದರು. ನಾನೂ ಕೈ ತೊಳೆದುಕೊಂಡು ಬಂದೆ. ಕೊಯ್ಯುವ ಮೊದಲು ಎದೆ ಕೇಳೋಣವೆಂದು ಕೂಸನ್ನು ಮಗ್ಗುಲು ತಿರುಗಿಸಿದಾಗ ಅದರ ಮುಖ ಬೆಳಕಿಗೆ ಬಂತು. ಕಣ್ಣರೆಪ್ಪೆ ದಪ್ಪಗಾಗಿತ್ತು. ನಿನ್ನೆ ಹಳ್ಳವಾಗಿದ್ದ ಕೆನ್ನೆ ಇಂದು ತುಂಬಿದಂತೆ ಕಾಣುತ್ತಿತ್ತು.

"ಮುಖಕ್ಕ ಕಳಾ ಬಂದೈತ್ರೀ," ಎಂದ ಮಾವ ಹಿಗ್ಗಿನಿಂದ. "ನನ್ನ ಮಗಾ ಇದರ ವಾರಗೀಂವ, ಇಬ್ರದೂ ಒಂದ ವಯಸ್ಸು, ಅವನ ಗಲ್ಲಾ ಹಿಂಗ ಅದಾವ ನೋಡ್ರಿ."

ಅದು ಕಳೆಯಲ್ಲ, ನೀರು. ಬೆನ್ನಿನ ಕೆಳಭಾಗದಲ್ಲಿ ಸ್ಟೆಥೊಸ್ಕೋಪು ಇಟ್ಟರೆ ಒಣಗಿದ ಎಲೆಯನ್ನು ಬೆರಳಲ್ಲಿ ಹೊಸಕಿದಂತೆ ಸಣ್ಣ ಸಪ್ಪಳ. ಪಕ್ಕೆಯ ಕೆಳಗೆ ಬೆರಳಿಟ್ಟರೆ ನಿನ್ನೆ ಸಿಗದಿದ್ದ ಯಕೃತ್ತಿನ ಅಂಚು ಇಂದು ಸಿಕ್ಕಿತು. ಹೊಟ್ಟೆಗಿಲ್ಲದೆ ಸೊರಗಿದ ಮೈಯಲ್ಲಿ ಹೃದಯವೂ ಸೊರಗಿರುತ್ತದೆ. ನಾನು ಸುರಿಯುತ್ತಿದ್ದ ನೀರನ್ನು ಎತ್ತಿ ಹಾಕುವ ಶಕ್ತಿ ಅದಕ್ಕೆ ಮುಗಿಯುತ್ತಿತ್ತು. ಇನ್ನೊಂದು ಕಾಲು ಕೊಯ್ದು ಇದೇ ನೀರನ್ನು ಬಿಟ್ಟರೆ ಕೂಸು ಭೇದಿಯಿಂದಲ್ಲ, ನನ್ನ ಬಾಟಲಿಯಲ್ಲಿ ಮುಳುಗಿ ಸಾಯುತ್ತಿತ್ತು. ಬಿಡದಿದ್ದರೆ ಭೇದಿಯಿಂದ ಮತ್ತೆ ಒಣಗುತ್ತಿತ್ತು.

ಹನಿ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತೆ. ರಕ್ತನಾಳದಲ್ಲಿ ನೀರು ಕೊಡಬಹುದಿತ್ತು, ಅನ್ನ ಕೊಡಲಾಗುತ್ತಿರಲಿಲ್ಲ. ಈ ಕೂಸಿನ ಮೂಲ ರೋಗ ಹಸಿವು. ನಿನ್ನೆ ಬಾಟಲಿ ಇಲ್ಲದಿದ್ದರೆ ಅದು ಇಂದಿನವರೆಗೆ ಬರುತ್ತಿರಲಿಲ್ಲ. ಇಂದು ಬಾಟಲಿ ಇದ್ದರೆ ನಾಳೆಯವರೆಗೆ ಹೋಗುವುದಿಲ್ಲ. ಬಾಯಿಂದಲೇ ಏನಾದರೂ ಒಳಗೆ ಹೋಗಬೇಕು. ಏನು? ದನದ ಹಾಲು ಆ ಕರುಳಿಗೆ ಹಿಡಿಸದು. ಗ್ಲೂಕೋಸಿನ ಡಬ್ಬಿ ಖಾಲಿಯಾಗುತ್ತ ಬಂದಿತ್ತು.

ಆಗ ಮಾವ ತನ್ನ ಮಗನ ಬಗ್ಗೆ ಈಗಷ್ಟೇ ಆಡಿದ ಮಾತು ತಲೆಗೆ ಹೊಳೆಯಿತು.

"ನಿನ್ನ ಹೇಣ್ತಿ ಮಗನಿಗೆ ಹಾಲು ಕುಡಸ್ತಾಳೇನಪಾ?"

"ಕುಡಸ್ತಾಳ್ರಿ."

"ಕರಕೊಂಡು ಬಾ. ಈಗ ಹೊಂಡು."

ಅವನು ತಂಗಿಯ ಕಡೆ ನೋಡಿದ, ನೆಲ ನೋಡಿದ. ನಾನು ನಳಿಗೆಯ ದಾರ ಕತ್ತರಿಸಲು ಕತ್ತರಿ ಎತ್ತಿಕೊಂಡಿದ್ದೆ. ಅದು ಕಣ್ಣಿಗೆ ಬಿದ್ದದ್ದೇ ತಡ, ಅವನು ಟೇಬಲಿಗೂ ನನಗೂ ನಡುವೆ ಬಂದು ನಿಂತ.

"ಬಾಟ್ಲಿ ತಗೀಬ್ಯಾಡ್ರಿ ಬಾಯಾರ. ಅದರಿಂದನ ಕಣ್ಣ ತಗದೈತಿ. ನೀರು ತುಟ್ಟಿ ಆತೇನ್ರಿ? ಎತ್ತು ಮಾರಿ ಕೊಡ್ತೇನಿ."

"ನೀರಿನ ಮಾತಲ್ಲಪಾ. ಮೈಯಾಗ ನೀರು ಹೆಚ್ಚಾಗಿ ಉಸರು ಕಟ್ಟಾಕತ್ತೈತಿ. ಕಾಲು ನೋಡು ಹೆಂಗ ಬಾತೈತಿ."

"ನಿನ್ನೆ ನೀವ ಅಂದ್ರಿ, ನೀರಿಲ್ದ ಸಾಯತೈತಿ ಅಂತ. ಇವತ್ತ ನೀವ ಅಂತೀರಿ, ನೀರಿಂದ ಸಾಯತೈತಿ ಅಂತ. ನಾ ಯಾವ ಮಾತು ನಂಬಲ್ರೀ?"

ಅವನು ಕೇಳಿದ್ದು ನ್ಯಾಯವಾಗಿತ್ತು. ನಿನ್ನೆ ಕೊಯ್ಯಬೇಡವೆಂದವನು ಇಂದು ತೆಗೆಯಬೇಡವೆನ್ನುತ್ತಿದ್ದ. ಎರಡೂ ಸಲ ಅವನ ಎದುರಿಗಿದ್ದದ್ದು ನನ್ನ ಮಾತೊಂದೇ. "ಎರಡೂ ಖರೇ," ಎಂದೆ. "ನಿನ್ನಿ ಮಾತು ನಿನ್ನಿಗೆ. ನಾ ತಪ್ಪಿದ್ರ ನೀ ನನ್ನ ಕೇಳು. ಆದ್ರ ಈಗ ದಾರಿ ಬಿಡು."

ಕಂಪೌಂಡರರೂ ಸುಮ್ಮನಿರಲಿಲ್ಲ. "ಬಾಯಾರ, ಇದ್ದ ಒಂದು ದಾರಿ ಕಡಕೊಂಡ್ರ ಮತ್ತ ನರಾ ಸಿಗೂದು ಕಠಿಣ ಆಕ್ಕೈತ್ರೀ," ಎಂದು ಮೆಲ್ಲಗೆ ಹೇಳಿದರು. ಅದೂ ನಿಜ.

ಆಗ ಗೋಡೆಯ ಕಡೆಯಿಂದ ದನಿ ಬಂತು. ತಾಯಿ ಎದ್ದು ನಿಂತಿದ್ದಳು.

"ಅಣ್ಣಾ, ಬಾಜೂಕ ಸರಿ. ಬಾಯಾರು ಹೇಳಿದಂಗ ಮಾಡು. ಅತ್ತಿಗಿನ್ನ ಕರಕೊಂಡು ಬಾ."

"ಆಕಿ ಬರೂದಿಲ್ಲವಾ. ನಿನಗ ಗೊತ್ತೈತಿ."

"ನಾ ಹೊರಗ ಕುಂದರ್ತೇನಿ ಅಂತ ಹೇಳು. ನಾ ಆಕೀ ಕೂಸಿನ್ನ ನೋಡೂದಿಲ್ಲ. ಮುಖಾ ಆ ಕಡೆ ಮಾಡಕೊಂಡು ಕುಂದರ್ತೇನಿ ಅನ್ನು."

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು. ಎರಡು ಕೂಸು ಕಳೆದುಕೊಂಡವಳ ಕಣ್ಣು ತನ್ನ ಮಗನಿಗೆ ತಾಗೀತೆಂದು ಅತ್ತಿಗೆ, ನಾದಿನಿ ತವರಿಗೆ ಬಂದ ದಿನದಿಂದ ಮಗನನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಒಂದೇ ಮನೆಯಲ್ಲಿದ್ದೂ ಇವಳು ಅಣ್ಣನ ಮಗನ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಮಾವ ಸರಿದು ನಿಂತ. ಆಮೇಲೆ ಹೊರಗೆ ಹೋಗಿ ಚಕ್ಕಡಿ ಹೂಡಿದ.

ನಾನು ದಾರ ಕತ್ತರಿಸಿ ನಳಿಗೆ ಎಳೆದೆ. ಅದರ ತುದಿಗೆ ಕಪ್ಪು ಹೆಪ್ಪು, ಹೆಪ್ಪಿನ ಹಿಂದೆ ಒಂದು ಹನಿ ಕೀವು. ಒಂದು ಕ್ಷಣ ಸಮಾಧಾನವಾಯಿತು. ಬೇಗನೇ ತೆಗೆದೆನೆಂದಲ್ಲ, ಇನ್ನೂ ತಡಮಾಡಲಿಲ್ಲವಲ್ಲ ಎಂದು. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟು, ಬಿಸಿ ಉಪ್ಪುನೀರಿನ ಬಟ್ಟೆಯಿಂದ ಶಾಖ ಕೊಡಲು ಹಚ್ಚಿದೆ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟೆ. ಕೂಸನ್ನು ತಾಯಿಯ ಎದೆಗೆ ನೆಟ್ಟಗೆ ಒರಗಿಸಿ ಕೂಡಿಸಿದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಹುಲಗೂರಿನಿಂದ ಚಕ್ಕಡಿ ಮರುದಿನಕ್ಕೆ ಮೊದಲು ತಿರುಗಿ ಬರುವಂತಿರಲಿಲ್ಲ. ಅಲ್ಲಿಯವರೆಗೆ ನಮ್ಮ ಹತ್ತಿರ ಇದ್ದದ್ದು ಕುದಿಸಿ ಆರಿಸಿದ ನೀರು, ಅದಕ್ಕೆ ಗ್ಲೂಕೋಸು, ಒಂದು ಚಿಟಿಕೆ ಉಪ್ಪು. ಕಣ್ಣಿಗೆ ಮದ್ದು ಹಾಕುವ ಗಾಜಿನ ನಳಿಕೆಯಿಂದ ಕೆನ್ನೆಯೊಳಗೆ ಒಂದೊಂದೇ ಹನಿ. ಒಂದು ಹನಿ ನುಂಗಿದ ಮೇಲೆಯೇ ಇನ್ನೊಂದು. ಅವಸರ ಮಾಡಿದರೆ ವಾಂತಿ. ಒಂದು ಸಲ ಅರ್ಧ ದಿನ ಕುಡಿಸಿದ್ದೆಲ್ಲ ಹೊರಗೆ ಬಂದಂತಾಯಿತು. ತಾಯಿ ನನ್ನ ಮುಖ ನೋಡಿದಳು. "ಮತ್ತ ಶುರು ಮಾಡೂಣು," ಎಂದೆ. ಮತ್ತೆ ಮೊದಲಿನಿಂದ ಹಾಕತೊಡಗಿದಳು.

ಏದುಸಿರು ಸಂಜೆಗೆ ಕಡಿಮೆಯಾಯಿತು. ರೆಪ್ಪೆಯ ಬಾವು ಇಳಿಯಿತು. ಆದರೆ ಬೆಳಗಾಗುವ ಹೊತ್ತಿಗೆ ನೆತ್ತಿಯ ಸುಳಿ ಮತ್ತೆ ಒಳಕ್ಕೆ ಹೋಗತೊಡಗಿತ್ತು. ಕಂಪೌಂಡರರು ಕತ್ತರಿ, ಇಕ್ಕುಳ, ನಳಿಗೆಯನ್ನು ಕುದಿಸಿ ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿದ್ದರು. "ಇರಲಿ ಅಂತ ಇಟ್ಟೇನ್ರಿ," ಎಂದರಷ್ಟೇ. ನಾನು ಬೇಡವೆನ್ನಲಿಲ್ಲ. ಆ ತಟ್ಟೆಯ ಕಡೆ ನೋಡಬಾರದೆಂದುಕೊಂಡರೂ ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಹೊಟ್ಟೆಯೊಳಗೆ, ಕರುಳಿನ ಸುತ್ತಲಿನ ಪೊಳ್ಳಿಗೆ, ಸೂಜಿಯಿಂದ ಸ್ವಲ್ಪ ನೀರು ಬಿಡುವ ಇನ್ನೊಂದು ವಿಧಾನವಿತ್ತು. ಒಮ್ಮೆ ಮಾತ್ರ, ಅತಿ ಕಡಿಮೆ ಪ್ರಮಾಣದಲ್ಲಿ ಅದನ್ನು ಮಾಡಿದೆ. ಹೃದಯಕ್ಕೆ ಅವಸರದ ಭಾರ ಬೀಳದೆ ನೀರು ನಿಧಾನ ಹೀರಿಕೊಳ್ಳಲೆಂದು. ಅದರಿಂದ ಎಷ್ಟು ಉಪಯೋಗವಾಯಿತೋ ಇಂದಿಗೂ ಹೇಳಲಾರೆ.

ಬಿಸಿಲೇರುವ ಹೊತ್ತಿಗೆ ಚಕ್ಕಡಿ ಬಂತು. ಅತ್ತಿಗೆ ಗಟ್ಟಿಮುಟ್ಟಾದ ಹೆಂಗಸು. ಮಗನನ್ನು, ತಲೆಗೆ ಕಟ್ಟಿದ ಕುಂಚಿಗೆಯ ಮೇಲೆ ಸೆರಗು ಹೊದಿಸಿ, ಎದೆಗವಚಿಕೊಂಡು ಇಳಿದಳು. ತಾಯಿ ಅವಳನ್ನು ಕಂಡದ್ದೇ ಕೂಸನ್ನು ನನ್ನ ಕೈಗಿತ್ತು ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಬೇವಿನ ಮರಕ್ಕೆ ಮುಖ ಮಾಡಿ ಕೂತಳು.

ಅತ್ತಿಗೆ ಹೊಸ್ತಿಲು ದಾಟದೆ ನಿಂತಳು. "ಮಾತ ಹೇಳಿ ಬಿಡ್ತೇನ್ರೀ ಬಾಯಾರ. ನಂಗೂ ಒಂದ ಐತಿ. ಈ ವರ್ಷ ನಮಗ ಉಣ್ಣಾಕನ ಎಷ್ಟರ ಐತ್ರೀ? ಇದರ ಪಾಲು ಅದಕ್ಕ ಕೊಟ್ರ, ನಾಳೆ ಇದು ಒಣಗಿದ್ರ ಯಾರು ಹೊಣಿ?"

ದೃಷ್ಟಿಯ ಮಾತನ್ನು ಅವಳು ಎತ್ತಲಿಲ್ಲ. ಹಸಿವಿನ ಮಾತನ್ನು ಎತ್ತಿದಳು. ಅದಕ್ಕೆ ಸಮಾಧಾನದ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ನಿನ್ನ ಮಗನ ಹೊಣಿ ನಾ ಹೆಂಗ ಹೊರಲವಾ? ಆದ್ರ ಹಾಲು ತಗದಷ್ಟೂ ಬರತೈತಿ. ಇಲ್ಲಿರೂ ತನಕ ನಿನಗ ಹೊಟ್ಟಿ ತುಂಬ ಊಟ ನಮ್ಮನ್ಯಾಗಿಂದ. ಮೊದಲ ನಿನ್ನ ಮಗನಿಗೆ ಕುಡಸು. ಉಳಿದದ್ದು ಇದಕ್ಕ. ಉಳೀಲಿಲ್ಲಂದ್ರ ಬ್ಯಾಡ."

ಅವಳು ಒಳಗೆ ಬಂದು ನನ್ನ ಕೈಯಲ್ಲಿದ್ದ ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿದಳು. ಬಹಳ ಹೊತ್ತು ನೋಡಿದಳು. ಮನೆಯಲ್ಲಿ ಅವಳೂ ಇದರ ಮುಖವನ್ನು ಸರಿಯಾಗಿ ನೋಡಿರಲಿಲ್ಲವೆಂದು ನನಗನಿಸಿತು.

"ಅಯ್ಯ, ಇಷ್ಟ ಉಳದೈತೇನ್ರೀ," ಎಂದಳು. "ಒಂದು ಬಟ್ಟಲಾ ಕೊಡ್ರಿ."

ಕೂಸಿಗೆ ಚೀಪುವ ಬಲವಿರಲಿಲ್ಲ. ಅವಳು ಹಾಲನ್ನು ಬಟ್ಟಲಿಗೆ ಹಿಂಡಿಕೊಟ್ಟಳು. ನಾನು ಅದಕ್ಕೆ ಅರ್ಧ ನೀರು ಬೆರೆಸಿ ಅದೇ ಗಾಜಿನ ನಳಿಕೆಯಿಂದ ಹಾಕಿದೆ. ಮೊದಲ ಹನಿ ಗಂಟಲಿಗಿಳಿಯಿತು. ಎಲ್ಲರೂ ವಾಂತಿಯನ್ನು ಕಾಯ್ದೆವು. ಬರಲಿಲ್ಲ. ಮಧ್ಯಾಹ್ನದ ಮೇಲೆ ನೀರು ಬೆರೆಸುವುದನ್ನು ಕಡಿಮೆ ಮಾಡಿದೆ. ಮರುದಿನ ಬೆಳಿಗ್ಗೆ ಕಂಪೌಂಡರರು ಕತ್ತರಿ, ಇಕ್ಕುಳದ ತಟ್ಟೆಯನ್ನು ಎತ್ತಿ ಅಲಮಾರಿಗೆ ಇಟ್ಟರು.

ಭೇದಿ ಹತೋಟಿಗೆ ಬಂದರೂ ಕಾಲಿನ ಕಥೆ ಮುಗಿಯಲಿಲ್ಲ. ನೀರು ಸೋರಿ ಬಿಗಿದಿದ್ದ ಚರ್ಮ ಹರಡಿನ ಸುತ್ತ ಕಪ್ಪಾಯಿತು. ಮೀನಖಂಡದಲ್ಲಿ ಬಾವು ಕಟ್ಟಿ ಕೀವು ತುಂಬಿತು. ಕೊಯ್ದು ಕೀವು ತೆಗೆದೆ. ಕಪ್ಪಾದ ಚರ್ಮ ಒಂದು ಮುಂಜಾನೆ ಪಟ್ಟಿಯ ಜೊತೆಗೆ ಕಿತ್ತು ಬಂತು. ಕೆಳಗೆ ಸ್ನಾಯುವಿನ ಬಿಳಿಯ ಹುರಿ ಕಾಣುತ್ತಿತ್ತು. ಅದು ಒಣಗಿದರೆ ಪಾದ ಮೇಲಕ್ಕೆತ್ತಲು ಬಾರದು. ದಿನಾಲೂ ಉಪ್ಪುನೀರಿನಲ್ಲಿ ತೊಳೆದು, ಸಲ್ಫಾ ಪುಡಿ ಉದುರಿಸಿ, ಹಸಿ ಪಟ್ಟಿ ಕಟ್ಟಿದೆ. ಹೊಟ್ಟೆಗೆ ಬಿದ್ದಷ್ಟೂ ಗಾಯಕ್ಕೆ ಹೊಸ ಮಾಂಸ ಬರುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆಗ. ಹಾಲು ಹಿಡಿದ ಮೇಲೆ ಆ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು.

ಈ ನಡುವೆ ಅತ್ತಿಗೆ ಬೇಜಾರು ಮಾಡಿಕೊಂಡದ್ದೂ ಇದೆ. "ನನ್ನ ದನಾ ಅಂತ ತಿಳಕೊಂಡೀರೇನ್ರೀ" ಎಂದು ಜಗಳ ತೆಗೆದದ್ದೂ ಇದೆ. ಒಂದು ಮಧ್ಯಾಹ್ನ ನಾನು ವಾರ್ಡಿಗೆ ಬಂದಾಗ ತಿಪ್ಪವ್ವ ಅವಳ ಎದೆಗೆ ಬಾಯಿ ಹಚ್ಚಿ ತಾನಾಗಿಯೇ ಚೀಪುತ್ತಿದ್ದಳು. ಅತ್ತಿಗೆಯ ಮಗ ಹಟ ಹಿಡಿದು ಚೀರುತ್ತಿದ್ದ. ಅತ್ತಿಗೆ ಸಿಟ್ಟಿನಿಂದ ಹಿತ್ತಲ ಕಡೆ ಮುಖ ಮಾಡಿ ಕೂಗಿದಳು: "ಅಲ್ಲೇನ ಮಾಡ್ತಿ ಗಿಡದ ಬುಡಕ? ಬಾ ಇಲ್ಲೆ, ಇವನ್ನಷ್ಟ ಹಿಡಿ. ನಂಗ ಎಷ್ಟ ಕೈ ಅದಾವು?"

ತಾಯಿ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು, ಹುಡುಗನನ್ನು ಎತ್ತಿಕೊಂಡಳು. ಅಂದಿನಿಂದ ಅವಳು ಹಿತ್ತಲಿಗೆ ಹೋಗಿ ಕೂರಲಿಲ್ಲ.

ಮೊದಲ ಮಳೆ ಬಿದ್ದು ಬಿತ್ತಿಗೆಯ ಅವಸರ ಶುರುವಾದಾಗ ಮಾವ ಕರೆದೊಯ್ಯಲು ಬಂದ. ತಂಗಿ, ಹೆಂಡತಿ, ಎರಡೂ ಕೂಸು ಒಂದೇ ಮನೆಗೆ ಹೋಗುವುದೆಂದು ಅವರವರಲ್ಲೇ ಮಾತಾಗಿತ್ತು. ನಾನು ಕೊನೆಯ ಪಟ್ಟಿ ಬಿಚ್ಚಿದೆ. ಗಾಯ ಮಾಗಿ ತೆಳುವಾದ ಚರ್ಮ ಕೂಡಿತ್ತು, ಹರಡಿನ ಮುಂದೆ ರೂಪಾಯಿಯಷ್ಟಗಲ ಸುಕ್ಕು. ಆದರೆ ಪಾದ ಮೇಲೇಳುತ್ತದೆಯೇ ಎಂಬ, ನಾನು ಅಂಜಿದ್ದ ಪ್ರಶ್ನೆ ಉಳಿದೇ ಇತ್ತು. ಇಷ್ಟು ದಿನ ಕಟ್ಟಿನಲ್ಲಿದ್ದ ಪಾದ ಸುಮ್ಮನೆ ಜೋತಿತ್ತು. ಬೆರಳಿನಿಂದ ಅಂಗಾಲು ಕೆರೆದೆ. ಅಲುಗಲಿಲ್ಲ. ಮತ್ತೆ ಕೆರೆದೆ. ಮಾವ, ತಾಯಿ, ಅತ್ತಿಗೆ ಬಾಗಿ ನೋಡುತ್ತಿದ್ದರು.

ನಾನು ಅಯೋಡಿನ್ ಹಚ್ಚಲು ಹತ್ತಿಯನ್ನು ಅದ್ದಿ, ಪಟ್ಟಿ ಬಿಚ್ಚುವಾಗ ಮಾಗಿದ ಗಾಯದ ಪಕ್ಕದಲ್ಲಿ ಆಗಿದ್ದ ಸಣ್ಣ ಗೀರಿಗೆ ಒತ್ತಿದೆ. ಅದು ಉರಿಯಿತೋ, ಸಿಟ್ಟೇ ಬಂತೋ, ತಿಪ್ಪವ್ವ ಮೊಣಕಾಲು ಮಡಿಚಿ, ಪಾದ ಮೇಲಕ್ಕೆತ್ತಿ, ಜೋರಾಗಿ ಒದ್ದಳು. ಅಯೋಡಿನ್ನಿನ ಬಟ್ಟಲು ಉರುಳಿ ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು.

"ಅಯ್ಯಯ್ಯ, ಬಾಯಾರ ಸೀರಿ!" ಎಂದು ತಾಯಿ ಗಾಬರಿಯಿಂದ ಕೂಸಿನ ಕಾಲು ಹಿಡಿಯಲು ಬಂದಳು.

"ಬಿಡವಾ, ಹಿಡೀಬ್ಯಾಡ," ಎಂದೆ. "ಇನ್ನೊಮ್ಮಿ ಒದೀಲಿ."